ಡಮ್ ಡಮ್ ಮೇಲೆ ಹಾದುಹೋದ ಗೆರೆ

ಕೋಲ್ಕತ್ತದ ಉತ್ತರದ ಅಂಚಿನಲ್ಲಿರುವ ಡಮ್ ಡಮ್ ಹೊರಗಿನವರಿಗೆ ಗೊತ್ತಿರುವುದು ಎರಡು ಕಾರಣಕ್ಕೆ. ಒಂದು, ನೇತಾಜಿ ಸುಭಾಷ್ ಚಂದ್ರ ಬೋಸ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಇನ್ನೊಂದು, ಬ್ರಿಟಿಷರ ಕಾಲದ ಮದ್ದುಗುಂಡಿನ ಕಾರ್ಖಾನೆ. ಡಮ್ ಡಮ್, ದಕ್ಷಿಣ ಡಮ್ ಡಮ್, ಉತ್ತರ ಡಮ್ ಡಮ್ ಎಂಬ ಮೂರು ಪುರಸಭೆಗಳಲ್ಲಿ 2011ರ ಜನಗಣತಿಯ ಹೊತ್ತಿಗೇ ಏಳೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. 2025ರ ಆರಂಭದ ಕೆಲವು ವಾರಗಳಲ್ಲಿ ಇವರೆಲ್ಲ ಖಗೋಳ ವಿಜ್ಞಾನಿಗಳ ಒಂದು ಲೆಕ್ಕದೊಳಗೆ ಬಂದರು. ‘2024 ವೈಆರ್4’ ಎಂಬ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯಬಹುದೇ ಎಂಬುದು ಪ್ರಶ್ನೆ. ಬಡಿಯುವುದೇ ಆದರೆ ಎಲ್ಲೆಲ್ಲಿ ಬೀಳಬಹುದು ಎಂದು ಎಳೆದ ಪಟ್ಟಿ ಪೂರ್ವ ಪೆಸಿಫಿಕ್‌ನಿಂದ ಹೊರಟು ದಕ್ಷಿಣ ಅಮೆರಿಕದ ಉತ್ತರ ಭಾಗ, ಅಟ್ಲಾಂಟಿಕ್, ಆಫ್ರಿಕ, ಅರಬ್ಬಿ ಸಮುದ್ರಗಳನ್ನು ದಾಟಿ ದಕ್ಷಿಣ ಏಷ್ಯಾದಲ್ಲಿ ಮುಗಿಯುತ್ತಿತ್ತು. ಬೊಗೋಟ, ಲಾಗೋಸ್, ಮುಂಬಯಿ, ಢಾಕಾ ನಗರಗಳ ಜೊತೆ ಕೋಲ್ಕತ್ತವೂ ಆ ಪಟ್ಟಿಯಲ್ಲಿತ್ತು.

ಅಪಾಯದ ಸಾಧ್ಯತೆ ಶೇ. 1 ದಾಟಿತು, ಶೇ. 3 ದಾಟಿತು, ಆಮೇಲೆ ಒಂದೇ ವಾರದಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಪತ್ರಿಕೆಗಳು ಸುದ್ದಿ ಕೈಬಿಟ್ಟವು. ಆದರೆ ಆ ಏರಿಳಿತದ ಹಿಂದಿನ ತರ್ಕ ನಮ್ಮ ಓದುಗರನ್ನು ಸರಿಯಾಗಿ ತಲುಪಲೇ ಇಲ್ಲ. ವಿಜ್ಞಾನಿಗಳು ಮೊದಲು ಹೆದರಿಸಿ ಆಮೇಲೆ ಮಾತು ಬದಲಿಸಿದರು ಎಂದೇ ಹಲವರು ತಿಳಿದರು. ನಡೆದದ್ದು ಅದಲ್ಲ. ಭೂಮಿಯ ಸಮೀಪ ಸುಳಿಯುವ ಕ್ಷುದ್ರಗ್ರಹಗಳ ಬಗ್ಗೆ ನಮಗೇನು ಗೊತ್ತು, ಹೇಗೆ ಗೊತ್ತು, ಅಪಾಯ ನಿಜವಾದರೆ ಏನು ಮಾಡಬಹುದು, ಇದರಲ್ಲಿ ಭಾರತದ ಪಾಲೇನು ಎಂಬ ನಾಲ್ಕು ಪ್ರಶ್ನೆಗಳನ್ನು ಈ ಒಂದು ಪ್ರಕರಣದ ಸುತ್ತ ನೋಡುವುದು ಈ ಲೇಖನದ ಉದ್ದೇಶ. ಭೂಕಂಪವನ್ನು ಮುಂಗಾಣಲು ನಮಗೆ ಆಗದು, ಚಂಡಮಾರುತವನ್ನು ತಡೆಯಲು ಆಗದು. ವರ್ಷಗಳ ಮೊದಲೇ ಲೆಕ್ಕ ಹಾಕಿ ತಪ್ಪಿಸಬಹುದಾದ ದೊಡ್ಡ ಪ್ರಕೃತಿ ವಿಕೋಪ ಇದೊಂದೇ. ಅದಕ್ಕೆ ಬೇಕಾದದ್ದು ನಿರಂತರ ಅಳತೆ. ಆ ಅಳತೆಯ ಕೆಲಸವನ್ನು ಪರರಿಗೆ ಬಿಟ್ಟು ನಾವು ಸುಮ್ಮನೆ ಕೂರುವಂತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಕ್ಷೆ ಹೇಳುವ ತಾರೀಖು

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಲಕ್ಷಾಂತರ ಕ್ಷುದ್ರಗ್ರಹಗಳು ಸುತ್ತುತ್ತಿವೆ. ಅವು ನಮಗೆ ಅಪಾಯಕಾರಿಯಲ್ಲ. ಗುರುವಿನ ಗುರುತ್ವದ ಎಳೆತದಿಂದ, ಪರಸ್ಪರ ಡಿಕ್ಕಿಯಿಂದ, ಸೂರ್ಯನ ಬಿಸಿಲು ಕೊಡುವ ಸೂಕ್ಷ್ಮ ತಳ್ಳುವಿಕೆಯಿಂದ ಕೆಲವು ಒಳಕ್ಕೆ ಜಾರುತ್ತವೆ. ಸೂರ್ಯನಿಗೆ 1.3 ಖಗೋಳಮಾನಕ್ಕಿಂತ ಹತ್ತಿರ ಬರುವಂಥವನ್ನು ಭೂಸಮೀಪದ ಕ್ಷುದ್ರಗ್ರಹಗಳೆಂದು ಕರೆಯುತ್ತಾರೆ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ, ಅಂದರೆ ಸುಮಾರು 15 ಕೋಟಿ ಕಿಲೋಮೀಟರ್, ಒಂದು ಖಗೋಳಮಾನ.

ಇವುಗಳಲ್ಲಿ ಮೊದಲು ಕಂಡದ್ದು ಈರೋಸ್. 1898ರಲ್ಲಿ ಬರ್ಲಿನ್‌ನಲ್ಲಿ ಗುಸ್ತಾವ್ ವಿಟ್ ಅದನ್ನು ಗುರುತಿಸಿದರು. ಇಂದು ಪಟ್ಟಿಯಲ್ಲಿರುವ ಇಂಥ ಕಾಯಗಳ ಸಂಖ್ಯೆ 40,000ದ ಸುಮಾರಿಗೆ ಬಂದಿದೆ. ಕಕ್ಷೆಯ ಆಕಾರ ನೋಡಿ ಇವನ್ನು ನಾಲ್ಕು ಬಳಗವಾಗಿ ವಿಂಗಡಿಸುತ್ತಾರೆ. ಅಮೋರ್ ಬಳಗ ಭೂಕಕ್ಷೆಯ ಹೊರಗಿನಿಂದ ಸಮೀಪಿಸುತ್ತದೆ, ಅದನ್ನು ದಾಟುವುದಿಲ್ಲ. ಅಟಿರಾ ಬಳಗ ಪೂರ್ತಿ ಒಳಗೇ ಇರುತ್ತದೆ. ಅಪೋಲೊ ಮತ್ತು ಅಟೆನ್ ಬಳಗಗಳು ಭೂಕಕ್ಷೆಯನ್ನು ಕತ್ತರಿಸುತ್ತವೆ. ಭೂಕಕ್ಷೆಗೆ 0.05 ಖಗೋಳಮಾನ, ಅಂದರೆ ಸುಮಾರು 75 ಲಕ್ಷ ಕಿಲೋಮೀಟರ್‌ಗಿಂತ ಹತ್ತಿರ ಬರಬಲ್ಲ, ಸುಮಾರು 140 ಮೀಟರ್‌ಗಿಂತ ದೊಡ್ಡದಾದ ಕಾಯಕ್ಕೆ ‘ಸಂಭಾವ್ಯ ಅಪಾಯಕಾರಿ’ ಎಂಬ ಹಣೆಪಟ್ಟಿ ಬೀಳುತ್ತದೆ.

2024 ವೈಆರ್4 ಅಪೋಲೊ ಬಳಗದ್ದು. ಚಿಲಿ ದೇಶದ ರಿಯೊ ಹುರ್ಟಾಡೊದಲ್ಲಿರುವ ಅಟ್ಲಾಸ್ ಸಮೀಕ್ಷೆಯ ದೂರದರ್ಶಕ ಅದನ್ನು 2024ರ ಡಿಸೆಂಬರ್ 27ರಂದು ಹಿಡಿಯಿತು. ವರ್ಷದ ಮುಂದಿನ ‘ವೈ’ ಡಿಸೆಂಬರ್ ಎರಡನೆಯ ಪಕ್ಷದ ಗುರುತು. ‘ಆರ್4’ ಎಂದರೆ ಆ ಪಕ್ಷದಲ್ಲಿ ದಾಖಲಾದ 117ನೆಯ ಕಾಯ. ವಿಶೇಷವೆಂದರೆ, ಅದು ಕಣ್ಣಿಗೆ ಬೀಳುವ ಎರಡು ದಿನ ಮೊದಲೇ, ಡಿಸೆಂಬರ್ 25ರಂದು, ಭೂಮಿಯಿಂದ ಸುಮಾರು 8.3 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಗಿತ್ತು. ಚಂದ್ರನಿಗಿರುವ ದೂರದ ಎರಡು ಪಟ್ಟಿಗಿಂತ ತುಸು ಹೆಚ್ಚು. ಅದು ಕಂಡದ್ದು ನಮ್ಮಿಂದ ದೂರ ಸಾಗುವಾಗ.

ಅದರ ಕಕ್ಷೆ ಬಹಳ ಉದ್ದನೆಯದು. ಸೂರ್ಯನಿಗೆ ಅತಿ ಹತ್ತಿರ ಬಂದಾಗ 0.85 ಖಗೋಳಮಾನ, ಅತಿ ದೂರ ಹೋದಾಗ 4.2 ಖಗೋಳಮಾನ, ಗುರುವಿನ ಕಕ್ಷೆಯತ್ತ ಬಹುದೂರ. ಒಂದು ಸುತ್ತಿಗೆ ಹೆಚ್ಚು ಕಡಿಮೆ ನಾಲ್ಕು ವರ್ಷ. ಕಕ್ಷೆಯ ಓರೆ ಕೇವಲ ಮೂರೂವರೆ ಡಿಗ್ರಿಯಷ್ಟು, ಆದ್ದರಿಂದ ಅದು ಭೂಮಿ ಸುತ್ತುವ ಸಮತಲದಲ್ಲೇ ಬಹುತೇಕ ಇರುತ್ತದೆ. ಈ ನಾಲ್ಕು ವರ್ಷದ ಅವಧಿಯೇ 2024, 2028, 2032 ಎಂಬ ಸರಣಿಯ ಮೂಲ. ಮತ್ತೆ ಮತ್ತೆ ಡಿಸೆಂಬರ್ ತಿಂಗಳೇ ಏಕೆ? ಭೂಮಿಯ ಕಕ್ಷೆಯ ಪ್ರತಿ ಬಿಂದುವಿಗೂ ಒಂದು ತಾರೀಖಿದೆ. ವೈಆರ್4ರ ಕಕ್ಷೆ ಭೂಕಕ್ಷೆಯನ್ನು ಎಲ್ಲಿ ಮುಟ್ಟುವಂತೆ ಹಾಯುತ್ತದೋ ಆ ಬಿಂದುವಿನಲ್ಲಿ ಭೂಮಿ ಇರುವುದು ಪ್ರತಿವರ್ಷ ಡಿಸೆಂಬರ್ ಮೂರನೆಯ, ನಾಲ್ಕನೆಯ ವಾರದಲ್ಲಿ. ಎರಡೂ ಒಂದೇ ಗಳಿಗೆಗೆ ಅಲ್ಲಿಗೆ ಬರುತ್ತವೆಯೇ ಎಂಬುದಷ್ಟೇ ಪ್ರಶ್ನೆ. ಹೀಗೆ ದಿಕ್ಕಿನ ಪ್ರಶ್ನೆ ಕೊನೆಗೆ ಸಮಯದ ಪ್ರಶ್ನೆಯಾಗುತ್ತದೆ.

ಏರಿದ್ದು ಏಕೆ, ಇಳಿದದ್ದು ಏಕೆ

ಕಕ್ಷೆಯನ್ನು ಲೆಕ್ಕ ಹಾಕುವುದೆಂದರೆ ಬೇರೆ ಬೇರೆ ರಾತ್ರಿಗಳಲ್ಲಿ ಆಕಾಶದಲ್ಲಿ ಕಂಡ ಸ್ಥಾನಗಳಿಂದ ಒಂದು ದೀರ್ಘವೃತ್ತವನ್ನು ಕಟ್ಟುವುದು. ಇದಕ್ಕೆ ಹಾದಿ ಹಾಕಿಕೊಟ್ಟವರು ಗಣಿತಜ್ಞ ಗಾಸ್. 1801ರ ಜನವರಿ 1ರಂದು ಖಗೋಳಜ್ಞ ಪಿಯಾಜಿ ಕಂಡ ಸಿರಿಸ್ ಎಂಬ ಕಾಯ ಕೆಲವು ವಾರಗಳ ನಂತರ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಇದ್ದ ಅಲ್ಪ ವೀಕ್ಷಣೆಗಳಿಂದಲೇ ಅದು ಮತ್ತೆ ಎಲ್ಲಿ ಕಾಣುತ್ತದೆಂದು ಗಾಸ್ ಹೇಳಿದರು. ವರ್ಷದ ಕೊನೆಯಲ್ಲಿ ಅದು ಅಲ್ಲೇ ಸಿಕ್ಕಿತು.

ಆದರೆ ಪ್ರತಿ ಅಳತೆಯಲ್ಲೂ ಸಣ್ಣ ದೋಷ ಇರುತ್ತದೆ. ಕೆಲವು ದಿನಗಳ ವೀಕ್ಷಣೆಯಿಂದ ಎಂಟು ವರ್ಷ ಮುಂದಿನ ಸ್ಥಾನ ಹೇಳಹೊರಟರೆ ಆ ದೋಷ ಲಕ್ಷಾಂತರ ಕಿಲೋಮೀಟರ್‌ಗೆ ಹಿಗ್ಗುತ್ತದೆ. ಕ್ಷುದ್ರಗ್ರಹ ಯಾವ ಹಾದಿಯಲ್ಲಿ ಬರುತ್ತದೆ ಎಂಬುದು ಬೇಗ ಖಚಿತವಾಗುತ್ತದೆ. ಆ ಹಾದಿಯ ಯಾವ ಬಿಂದುವಿನಲ್ಲಿ, ಎಷ್ಟು ಹೊತ್ತಿಗೆ ಇರುತ್ತದೆ ಎಂಬುದು ನಿಧಾನವಾಗಿ ತಿಳಿಯುತ್ತದೆ. ಹಾಗಾಗಿ ಅದು ಇರಬಹುದಾದ ಸ್ಥಾನಗಳೆಲ್ಲ ಸೇರಿ ಬಹಳ ಉದ್ದದ, ಬಹಳ ತೆಳ್ಳಗಿನ ಒಂದು ಗೆರೆಯಾಗುತ್ತವೆ. ಆ ಗೆರೆ ಭೂಗೋಳವನ್ನು ಹಾಯುವ ಜಾಗವೇ ಬೊಗೋಟದಿಂದ ಕೋಲ್ಕತ್ತದವರೆಗೆ ಹಬ್ಬಿದ ಆ ಪಟ್ಟಿ.

ಈಗ ಸರಳ ಲೆಕ್ಕವೊಂದನ್ನು ನೋಡೋಣ. ಗೆರೆಯ ಉದ್ದ 12 ಲಕ್ಷ ಕಿಲೋಮೀಟರ್, ಭೂಮಿಯ ವ್ಯಾಸ 12,742 ಕಿಲೋಮೀಟರ್, ಭೂಮಿ ಆ ಗೆರೆಯ ಮೇಲಿದೆ ಎಂದಿಟ್ಟುಕೊಳ್ಳಿ. ಸ್ಥಾನಗಳೆಲ್ಲ ಸಮಾನ ಸಾಧ್ಯತೆಯವಾದರೆ ಡಿಕ್ಕಿಯ ಸಾಧ್ಯತೆ ಸುಮಾರು ಶೇ. 1. ಹೊಸ ವೀಕ್ಷಣೆಗಳು ಬಂದು ಗೆರೆ 4 ಲಕ್ಷ ಕಿಲೋಮೀಟರ್‌ಗೆ ಕುಗ್ಗಿತು, ಭೂಮಿ ಇನ್ನೂ ಅದರೊಳಗೇ ಇದೆ ಎನ್ನಿ. ಸಾಧ್ಯತೆ ಶೇ. 3ಕ್ಕೆ ಏರುತ್ತದೆ. ಅಪಾಯ ಹೆಚ್ಚಿತೆಂದು ಇದರ ಅರ್ಥವಲ್ಲ. ಅರಿವು ಹೆಚ್ಚಿತೆಂದು ಅರ್ಥ. ಗೆರೆ ಇನ್ನಷ್ಟು ಕುಗ್ಗಿ ಅದರ ತುದಿ ಭೂಮಿಯಿಂದ ಆಚೆ ಸರಿದ ಕ್ಷಣ ಸಾಧ್ಯತೆ ಥಟ್ಟನೆ ಕುಸಿಯುತ್ತದೆ. ತಪ್ಪಿಹೋಗುವ ಬಹುತೇಕ ಕಾಯಗಳ ಅಂಕಿ ಹೀಗೆಯೇ ಮೊದಲು ಏರಿ ಆಮೇಲೆ ಬೀಳಬೇಕು.

ನಡೆದದ್ದೂ ಹಾಗೆಯೇ. 2025ರ ಜನವರಿ ಕೊನೆಯ ವಾರದಲ್ಲಿ ಸಾಧ್ಯತೆ ಶೇ. 1 ಮೀರಿತು. ಅಂತರರಾಷ್ಟ್ರೀಯ ಕ್ಷುದ್ರಗ್ರಹ ಎಚ್ಚರಿಕೆ ಜಾಲ ಜನವರಿ 29ರಂದು ಅಧಿಕೃತ ಸೂಚನೆ ಹೊರಡಿಸಿತು. 0ಯಿಂದ 10ರವರೆಗಿನ ಟೊರಿನೊ ಮಾನಕದಲ್ಲಿ ಅದಕ್ಕೆ 3ನೆಯ ದರ್ಜೆ ಸಿಕ್ಕಿತು. ಫೆಬ್ರುವರಿ 18ರಂದು ನಾಸಾದ ಅಂಕಿ ಶೇ. 3.1; ಆ ಗಾತ್ರದ ಕಾಯವೊಂದಕ್ಕೆ ಅಲ್ಲಿಯವರೆಗೆ ದಾಖಲಾದ ಅತಿ ಹೆಚ್ಚಿನ ಸಾಧ್ಯತೆ. ಎರಡು ದಿನದಲ್ಲಿ ಅದು ಶೇ. 0.28 ಆಯಿತು, ಫೆಬ್ರುವರಿ 24ರ ಹೊತ್ತಿಗೆ ಶೇ. 0.004. ಜೇಮ್ಸ್ ವೆಬ್ ದೂರದರ್ಶಕ ಅದರ ಅಗಲವನ್ನು ಸುಮಾರು 60 ಮೀಟರ್ ಎಂದು ಅಳೆಯಿತು. ಭೂಮಿ ಪಾರಾದರೂ ಗೆರೆ ಚಂದ್ರನ ಮೇಲೆ ಉಳಿದಿತ್ತು: 2025ರ ಜೂನ್ ಲೆಕ್ಕದಲ್ಲಿ ಚಂದ್ರನಿಗೆ ಬಡಿಯುವ ಸಾಧ್ಯತೆ ಶೇ. 4.3. ಅದೂ ಇಂಥ ಅಂಕಿಯೇ, ಹೊಸ ಅಳತೆ ಬಂದಂತೆ ಇತ್ಯರ್ಥವಾಗುವಂಥದ್ದು.

ಬರಾನಗರದ ಗಣಿತ

ಈ ಅನಿಶ್ಚಿತತೆಯನ್ನು ಅಳೆಯುವ ಗಣಿತಕ್ಕೂ ಡಮ್ ಡಮ್‌ನ ನೆರೆಹೊರೆಗೂ ಇರುವ ನಂಟನ್ನು ಕನ್ನಡಿಗರು ತಿಳಿದಿರಬೇಕು. ಡಮ್ ಡಮ್‌ನ ಪಶ್ಚಿಮಕ್ಕೆ ತಾಗಿದಂತೆ ಬರಾನಗರವಿದೆ; ಅಲ್ಲಿನ ಬಿ.ಟಿ. ರಸ್ತೆಯಲ್ಲಿದೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ. ಪ್ರಶಾಂತಚಂದ್ರ ಮಹಾಲನೋಬಿಸ್ 1931ರಲ್ಲಿ ಅದನ್ನು ಕಟ್ಟಿದಾಗ ಅದು ಪ್ರೆಸಿಡೆನ್ಸಿ ಕಾಲೇಜಿನ ಪ್ರಯೋಗಾಲಯದಲ್ಲಿತ್ತು, ಬರಾನಗರಕ್ಕೆ ಬಂದದ್ದು ಆಮೇಲೆ. ಕೋಲ್ಕತ್ತದ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಅಧ್ಯಯನ ಮಾಡುತ್ತ ಮಹಾಲನೋಬಿಸ್ ಒಂದು ಪ್ರಶ್ನೆಗೆ ಬಂದರು: ಹಲವು ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿರುವಾಗ ಒಂದು ಬಿಂದು ಒಂದು ಗುಂಪಿನಿಂದ ಎಷ್ಟು ದೂರವಿದೆ ಎಂದು ಹೇಳುವುದು ಹೇಗೆ? 1936ರಲ್ಲಿ ಅವರು ಪ್ರಕಟಿಸಿದ ಉತ್ತರ ಜಗತ್ತಿನಾದ್ಯಂತ ‘ಮಹಾಲನೋಬಿಸ್ ದೂರ’ ಎಂದು ಹೆಸರಾಯಿತು. ಇಲ್ಲಿ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯುವುದಿಲ್ಲ. ಅನಿಶ್ಚಿತತೆ ಯಾವ ದಿಕ್ಕಿನಲ್ಲಿ ಎಷ್ಟು ಹರಡಿದೆಯೋ ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಉದ್ದನೆಯ ಗೆರೆಯ ದಿಕ್ಕಿನಲ್ಲಿ ಒಂದು ಲಕ್ಷ ಕಿಲೋಮೀಟರ್ ಅಲ್ಪವಾಗಬಹುದು, ಅಡ್ಡ ದಿಕ್ಕಿನಲ್ಲಿ ಒಂದು ಸಾವಿರ ಕಿಲೋಮೀಟರ್ ಅಪಾರವಾಗಬಹುದು. ಭೂಮಿ ಆ ಗೆರೆಯ ಒಳಗಿದೆಯೇ ಹೊರಗಿದೆಯೇ ಎಂಬ ಪ್ರಶ್ನೆಯ ಸ್ವರೂಪ ಇದೇ.

ಎರಡನೆಯ ಹೆಸರು ನಮಗೆ ಇನ್ನೂ ಹತ್ತಿರದ್ದು. ಸಿ.ಆರ್. ರಾವ್ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ಹೂವಿನಹಡಗಲಿಯಲ್ಲಿ, ಇಂದಿನ ವಿಜಯನಗರ ಜಿಲ್ಲೆಯ ಊರು. ಮನೆಮಾತು ತೆಲುಗು. 1941ರಲ್ಲಿ ಅವರು ಕೋಲ್ಕತ್ತಕ್ಕೆ ಹೋಗಿ ಮಹಾಲನೋಬಿಸ್ ಸಂಸ್ಥೆ ಸೇರಿದರು. ಪಾಠ ಮಾಡುವಾಗ ವಿದ್ಯಾರ್ಥಿಯಾಗಿದ್ದ ವಿ.ಎಂ. ದಾಂಡೇಕರ್ ಕೇಳಿದ ಒಂದು ಪ್ರಶ್ನೆಯಿಂದ ಹೊರಟ ಅವರ ಪ್ರಬಂಧ 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೈಯಲ್ಲಿರುವ ಇಷ್ಟು ದತ್ತಾಂಶದಿಂದ ಅತ್ಯುತ್ತಮ ವಿಧಾನ ಬಳಸಿದರೂ ಅಂದಾಜಿನ ಅನಿಶ್ಚಿತತೆಯನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು ಎಂದು ಅದು ತೋರಿಸಿತು. ಕ್ರಾಮೆರ್-ರಾವ್ ಮಿತಿ ಎಂದು ಪ್ರಸಿದ್ಧವಾದ ಈ ಫಲಿತಾಂಶಕ್ಕೆ ಕಕ್ಷೆಗಳ ಲೆಕ್ಕದಲ್ಲಿ ನೇರ ಅರ್ಥವಿದೆ. ಹತ್ತು ರಾತ್ರಿಯ ವೀಕ್ಷಣೆಯಲ್ಲಿ ಎಷ್ಟು ಮಾಹಿತಿ ಇದೆಯೋ ಅಷ್ಟೇ ಖಚಿತತೆ ಸಿಗುತ್ತದೆ. ಎಂಥ ಕಂಪ್ಯೂಟರ್ ತಂದರೂ ಅದಕ್ಕಿಂತ ಹೆಚ್ಚು ಹಿಂಡಲು ಆಗದು. ಹೆಚ್ಚು ಬೇಕಾದರೆ ಮತ್ತೆ ಆಕಾಶವನ್ನೇ ನೋಡಬೇಕು. ರಾವ್ ಅವರಿಗೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್ 22ರಂದು ಅವರು ತೀರಿಕೊಂಡರು. ಕೋಲ್ಕತ್ತವನ್ನು ಪಟ್ಟಿಯೊಳಗೆ ಸೇರಿಸಿದ ಲೆಕ್ಕಕ್ಕೂ ಪಟ್ಟಿಯಿಂದ ಬಿಡಿಸಿದ ಲೆಕ್ಕಕ್ಕೂ ಆಧಾರವಾದ ವಿಚಾರಗಳು ಅದೇ ನಗರದಲ್ಲಿ ಬೆಳೆದವು ಎಂಬುದು ಹೆಮ್ಮೆಯ ಸಂಗತಿ. ಅದೊಂದು ಹೊಣೆ ಕೂಡ.

ಅಪೋಫಿಸ್: ಒಂದು ತಲೆಮಾರಿನ ಪಾಠ

ವೈಆರ್4ಕ್ಕಿಂತ ಇಪ್ಪತ್ತು ವರ್ಷ ಮೊದಲು ಇಂಥದೇ ಪರೀಕ್ಷೆ ನಡೆದಿತ್ತು. 2004ರ ಜೂನ್ 19ರಂದು ಅಮೆರಿಕದ ಕಿಟ್ ಪೀಕ್‌ನಲ್ಲಿ ರಾಯ್ ಟಕ್ಕರ್, ಡೇವಿಡ್ ಥೋಲೆನ್, ಫ್ಯಾಬ್ರಿಜಿಯೊ ಬರ್ನಾರ್ಡಿ ಕಂಡ ಕಾಯಕ್ಕೆ ಮುಂದೆ ಅಪೋಫಿಸ್ ಎಂದು ಹೆಸರಾಯಿತು. ಸುಮಾರು 340 ಮೀಟರ್ ಅಗಲ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ, 2029ರ ಏಪ್ರಿಲ್ 13ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಶೇ. 2.7ಕ್ಕೆ ಏರಿತು, ಟೊರಿನೊ ಮಾನಕದಲ್ಲಿ 4ನೆಯ ದರ್ಜೆ ಪಡೆದ ಏಕೈಕ ಕಾಯ ಅದು. ಅದೇ ವರ್ಷದ ಮಾರ್ಚ್‌ನಲ್ಲಿ ಸ್ಪೇಸ್‌ವಾಚ್ ಸಮೀಕ್ಷೆ ತೆಗೆದಿದ್ದ ಚಿತ್ರಗಳಲ್ಲಿ, ತೆಗೆದಾಗ ಯಾರೂ ಗಮನಿಸದ ಅದರ ಮಸುಕಾದ ಗುರುತು ಸಿಕ್ಕಿತು. ಗೆರೆ ಕುಗ್ಗಿತು, 2029ರ ಡಿಕ್ಕಿಯ ಪ್ರಶ್ನೆ ಮುಗಿಯಿತು. ಹಳೆಯ ಚಿತ್ರಗಳನ್ನು ಕಾಪಿಟ್ಟುಕೊಳ್ಳುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಇನ್ನೊಂದು ಪ್ರಶ್ನೆ ಉಳಿಯಿತು. ಅಷ್ಟು ಹತ್ತಿರ ಹಾದುಹೋಗುವ ಕಾಯದ ಕಕ್ಷೆಯನ್ನು ಭೂಮಿಯ ಗುರುತ್ವವೇ ಬಾಗಿಸುತ್ತದೆ. ಸುಮಾರು 600 ಮೀಟರ್ ಅಗಲದ ಒಂದು ನಿರ್ದಿಷ್ಟ ಕಿಂಡಿಯ ಮೂಲಕ ಅದು ಹಾಯ್ದರೆ ಏಳು ವರ್ಷದ ನಂತರ, 2036ರಲ್ಲಿ, ಮರಳಿ ಬಂದು ಬಡಿಯುವ ಹಾಗಿತ್ತು. ಇದನ್ನು ಬಗೆಹರಿಸಲು ಯಾರ್ಕೊವ್‌ಸ್ಕಿ ಪರಿಣಾಮವನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು. ತಿರುಗುತ್ತಿರುವ ಬಂಡೆ ಹಗಲಿನಲ್ಲಿ ಹೀರಿದ ಬಿಸಿಯನ್ನು ಮಧ್ಯಾಹ್ನ ಕಳೆದ ಮೇಲೆ ಹೊರಸೂಸುತ್ತದೆ. ಆ ಶಾಖ ವಿಕಿರಣ ಬಂಡೆಯನ್ನು ಅತಿ ಮೆಲ್ಲಗೆ ತಳ್ಳುತ್ತದೆ. ಅಪೋಫಿಸ್ ವಿಷಯದಲ್ಲಿ ಕಕ್ಷೆಯ ಈ ಸರಿತ ವರ್ಷಕ್ಕೆ ಇನ್ನೂರು ಮೀಟರ್‌ಗೂ ಒಳಗಿನದು. ಅಷ್ಟು ಸಣ್ಣದನ್ನೂ ಅಳೆದು, 2021ರ ಮಾರ್ಚ್‌ನಲ್ಲಿ ಗೋಲ್ಡ್‌ಸ್ಟೋನ್ ರೇಡಾರ್‌ನಿಂದ ದೂರವನ್ನು ಖಚಿತಪಡಿಸಿಕೊಂಡು, ಮುಂದಿನ ನೂರು ವರ್ಷ ಅಪೋಫಿಸ್‌ನಿಂದ ಅಪಾಯವಿಲ್ಲ ಎಂದು ಘೋಷಿಸಲಾಯಿತು.

2029ರ ಏಪ್ರಿಲ್ 13ರಂದು ಅದು ನೆಲದಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ, ನಮ್ಮ ಸಂವಹನ ಉಪಗ್ರಹಗಳ ಭೂಸ್ಥಿರ ಕಕ್ಷೆಗಿಂತಲೂ ಕೆಳಗೆ. ಅತಿ ಸಮೀಪದ ಗಳಿಗೆ ಭಾರತದಲ್ಲಿ 14ರ ಬೆಳಗಿನ ಜಾವ ಮೂರು ಗಂಟೆಯ ನಂತರ. ಆಗ ಅದು ಅಟ್ಲಾಂಟಿಕ್ ಮೇಲಿರುತ್ತದೆ. ಅದಕ್ಕೆ ಮುನ್ನ ಆಸ್ಟ್ರೇಲಿಯದ ಕಡೆಯಿಂದ ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕದತ್ತ ಸಾಗುವಾಗ ನಮ್ಮಲ್ಲಿ ರಾತ್ರಿ. ಈ ಭೇಟಿಯ ನಂತರ ಅದರ ಒಂದು ಸುತ್ತಿನ ಅವಧಿ 324 ದಿನಗಳಿಂದ ಸುಮಾರು 426 ದಿನಗಳಿಗೆ ಹಿಗ್ಗುತ್ತದೆ. ಅಟೆನ್ ಬಳಗದಿಂದ ಅಪೋಲೊ ಬಳಗಕ್ಕೆ ಅದು ವರ್ಗವಾಗುತ್ತದೆ. ವಿಶ್ವಸಂಸ್ಥೆ 2029ನ್ನು ಕ್ಷುದ್ರಗ್ರಹ ಅರಿವಿನ ಮತ್ತು ಗ್ರಹ ರಕ್ಷಣೆಯ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ನಾಸಾದ ಒಸಿರಿಸ್-ಅಪೆಕ್ಸ್ ನೌಕೆ ಅತ್ತ ಹೊರಟಿದೆ. ಯುರೋಪಿನ ರಾಮ್ಸೆಸ್ ನೌಕೆಯನ್ನು 2028ರಲ್ಲಿ ಹಾರಿಸುವ ಯೋಜನೆಯಿದೆ.

ಬಿದ್ದರೆ ಏನಾಗುತ್ತದೆ

60 ಮೀಟರ್‌ನ ಬಂಡೆ ಡೈನೋಸಾರ್‌ಗಳ ಕಾಲದ ಪ್ರಳಯವನ್ನು ತರುವುದಿಲ್ಲ. ಒಂದು ನಗರಕ್ಕೆ ಅದು ಸಾಕು. 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕಾದ ಮೇಲೆ ಸುಮಾರು ಇದೇ ಗಾತ್ರದ ಕಾಯ ಗಾಳಿಯಲ್ಲೇ ಸಿಡಿದು 2,000 ಚದರ ಕಿಲೋಮೀಟರ್‌ಗೂ ಹೆಚ್ಚು ಕಾಡನ್ನು ನೆಲಕ್ಕೊರಗಿಸಿತು. ವೈಆರ್4 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ನುಗ್ಗಿ ಬಂದಿದ್ದರೆ ಸ್ಫೋಟದ ಹೊಡೆತ 50 ಕಿಲೋಮೀಟರ್‌ವರೆಗೂ ಹಾನಿ ಮಾಡಬಹುದೆಂದು ಎಚ್ಚರಿಕೆ ಜಾಲ ಅಂದಾಜಿಸಿತ್ತು. ಡಮ್ ಡಮ್ ಅನ್ನು ನಡುವೆ ಇಟ್ಟು ಅಷ್ಟು ತ್ರಿಜ್ಯದ ವೃತ್ತ ಎಳೆದರೆ ಕೋಲ್ಕತ್ತ, ಹೌರಾ, ಬಾರಾಸಾತ್, ಬ್ಯಾರಕ್‌ಪುರ ಎಲ್ಲವೂ ಒಳಗೆ ಬರುತ್ತವೆ. ಕೋಲ್ಕತ್ತ ಮಹಾನಗರ ಸಮೂಹದ ಜನಸಂಖ್ಯೆ 2011ರಲ್ಲೇ 1 ಕೋಟಿ 41 ಲಕ್ಷ.

ಇನ್ನೂ ಸಣ್ಣದು ಏನು ಮಾಡುತ್ತದೆಂದು 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್‌ನಲ್ಲಿ ಜಗತ್ತು ಕಂಡಿತು. ಸುಮಾರು 20 ಮೀಟರ್‌ನ ಕಾಯ ಸೂರ್ಯನ ದಿಕ್ಕಿನಿಂದ ಬಂದು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಯಾವ ದೂರದರ್ಶಕಕ್ಕೂ ಅದು ಮೊದಲೇ ಕಂಡಿರಲಿಲ್ಲ. ಬೆಳಕು ಕಂಡು ಜನ ಕಿಟಕಿಗೆ ಓಡಿದರು. ಒಂದೆರಡು ನಿಮಿಷ ತಡವಾಗಿ ಬಂದ ಆಘಾತ ತರಂಗ ಗಾಜುಗಳನ್ನು ಒಡೆಯಿತು. ಗಾಯಗೊಂಡವರು ಸುಮಾರು 1,500 ಮಂದಿ, ಹೆಚ್ಚಿನವರು ಗಾಜಿನ ಚೂರುಗಳಿಂದ. ಆಕಾಶದಲ್ಲಿ ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಿರಿ ಎಂಬ ಒಂದೇ ಮಾತು ಶಾಲೆಗಳಲ್ಲಿ ತಿಳಿದಿದ್ದರೆ ಆ ಗಾಯಗಳಲ್ಲಿ ಬಹಳಷ್ಟು ತಪ್ಪುತ್ತಿದ್ದವು. ಸಿಡಿಲಿನ ಬಗ್ಗೆ ಮಕ್ಕಳಿಗೆ ಹೇಳಿಕೊಡುವ ಹಾಗೆ ಇದನ್ನೂ ಹೇಳಿಕೊಡಬಹುದು, ಖರ್ಚಿಲ್ಲದ ಕೆಲಸ.

ನಮ್ಮ ನೆಲಕ್ಕೆ ಈ ಅನುಭವ ಹೊಸದಲ್ಲ. ಮಹಾರಾಷ್ಟ್ರದ ಲೋಣಾರ್ ಸರೋವರ ಬಸಾಲ್ಟ್ ಶಿಲೆಯಲ್ಲಿ ಹೊಡೆತದಿಂದ ಮೂಡಿದ, 1.8 ಕಿಲೋಮೀಟರ್ ಅಗಲದ ಕುಳಿ. 1866ರ ಏಪ್ರಿಲ್‌ನಲ್ಲಿ ನಮ್ಮ ಉಡುಪಿಯಲ್ಲಿ ಬಿದ್ದ ಉಲ್ಕಾಶಿಲೆ ಇಂದಿಗೂ ಜಾಗತಿಕ ಪಟ್ಟಿಯಲ್ಲಿ ‘ಉಡಿಪಿ’ ಎಂದೇ ದಾಖಲಾಗಿದೆ. ಅದಕ್ಕೆ ಹಿಂದಿನ ವರ್ಷ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದದ್ದು ಮಂಗಳ ಗ್ರಹದ ತುಣುಕೆಂದು ಮುಂದೆ ತಿಳಿಯಿತು. ದೇಶದ ಇಂಥ ಶಿಲೆಗಳ ಮುಖ್ಯ ಸಂಗ್ರಹವಿರುವುದು ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಬಳಿ.

ತಪ್ಪಿಸುವ ದಾರಿ

ದಾರಿ ತಪ್ಪಿಸಲು ಬಂಡೆಯನ್ನು ಪುಡಿ ಮಾಡಬೇಕಿಲ್ಲ. ಸಮಯಕ್ಕೆ ಸರಿಯಾಗಿ ಬರದಂತೆ ಮಾಡಿದರೆ ಸಾಕು. ಅದರ ವೇಗದಲ್ಲಿ ಸೆಕೆಂಡಿಗೆ ಒಂದು ಸೆಂಟಿಮೀಟರ್ ಬದಲಾವಣೆ ತಂದರೆ ಹತ್ತು ವರ್ಷದಲ್ಲಿ ಸುಮಾರು 3,150 ಕಿಲೋಮೀಟರ್ ವ್ಯತ್ಯಾಸ. ವೇಗದ ಜೊತೆಗೆ ಸುತ್ತಿನ ಅವಧಿಯೂ ಬದಲಾಗುವುದರಿಂದ ಸ್ಥಾನಪಲ್ಲಟ ಅದರ ಸುಮಾರು ಮೂರು ಪಟ್ಟಾಗುತ್ತದೆ. ಭೂಮಿಯ ತ್ರಿಜ್ಯ 6,400 ಕಿಲೋಮೀಟರ್‌ಗಿಂತ ಕಡಿಮೆ. ಹತ್ತು ವರ್ಷ ಮೊದಲು ತಿಳಿದಿದ್ದರೆ ಒಂದು ಸೆಂಟಿಮೀಟರ್ ಸಾಕು. ಹತ್ತು ದಿನ ಮೊದಲು ತಿಳಿದರೆ ಊರು ಖಾಲಿ ಮಾಡಿಸುವುದೊಂದೇ ಉಪಾಯ.

ಈ ತಳ್ಳಾಟ ಸಾಧ್ಯವೆಂದು 2022ರ ಸೆಪ್ಟೆಂಬರ್ 26ರಂದು ಸಾಬೀತಾಯಿತು. ನಾಸಾದ ಡಾರ್ಟ್ ನೌಕೆ ಡೈಮಾರ್ಫೋಸ್ ಎಂಬ ಸುಮಾರು 160 ಮೀಟರ್‌ನ ಪುಟ್ಟ ಕಾಯಕ್ಕೆ ಡಿಕ್ಕಿ ಹೊಡೆಯಿತು. ತನ್ನ ಸಂಗಾತಿಯನ್ನು ಅದು ಸುತ್ತಲು ತೆಗೆದುಕೊಳ್ಳುತ್ತಿದ್ದ 11 ಗಂಟೆ 55 ನಿಮಿಷದಲ್ಲಿ ಸುಮಾರು 33 ನಿಮಿಷ ಕಡಿಮೆಯಾಯಿತು. 73 ಸೆಕೆಂಡು ಬದಲಾದರೂ ಯಶಸ್ಸೆಂದು ಮೊದಲೇ ನಿಗದಿಯಾಗಿತ್ತು. ಹೊಡೆತಕ್ಕೆ ಚಿಮ್ಮಿದ ಕಲ್ಲುಧೂಳು ಹಿಮ್ಮುಖವಾಗಿ ಹಾರಿ ಹೆಚ್ಚಿನ ತಳ್ಳುವಿಕೆ ಕೊಟ್ಟಿತ್ತು. ಅದನ್ನು ಹತ್ತಿರದಿಂದ ಪರೀಕ್ಷಿಸಲು ಯುರೋಪಿನ ಹೆರಾ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿತು.

ಇಲ್ಲೊಂದು ಗಂಭೀರ ನೈತಿಕ ಪ್ರಶ್ನೆಯಿದೆ. ಕ್ಷುದ್ರಗ್ರಹವನ್ನು ತಳ್ಳಿದಾಗ ಅದು ಬೀಳುವ ಬಿಂದು ಆ ಪಟ್ಟಿಯ ಉದ್ದಕ್ಕೂ ಸರಿಯುತ್ತ ಹೋಗಿ ಕೊನೆಗೆ ಭೂಮಿಯ ಅಂಚನ್ನು ದಾಟಬೇಕು. ಪ್ರಯತ್ನ ಅರ್ಧಕ್ಕೆ ನಿಂತರೆ ಲಾಗೋಸ್‌ನಲ್ಲಿ ಬೀಳಬೇಕಿದ್ದದ್ದು ಮುಂಬಯಿಯಲ್ಲಿ, ಮುಂಬಯಿಯಲ್ಲಿ ಬೀಳಬೇಕಿದ್ದದ್ದು ಡಮ್ ಡಮ್‌ನಲ್ಲಿ ಬಿದ್ದೀತು. ಯಾವ ಕಡೆಗೆ ತಳ್ಳುವುದು, ಯಾರ ಒಪ್ಪಿಗೆಯಿಂದ, ವಿಫಲವಾದರೆ ಹೊಣೆ ಯಾರದು? 50 ಮೀಟರ್‌ಗಿಂತ ದೊಡ್ಡ ಕಾಯ 50 ವರ್ಷದೊಳಗೆ ಬಡಿಯುವ ಸಾಧ್ಯತೆ ಶೇ. 1 ಮೀರಿದರೆ ಬಾಹ್ಯಾಕಾಶ ಸಂಸ್ಥೆಗಳ ಸಲಹಾ ಗುಂಪು ಕಾರ್ಯಯೋಜನೆಯ ಚರ್ಚೆ ಆರಂಭಿಸಬೇಕೆಂಬ ನಿಯಮವಿದೆ. ಆ ಚರ್ಚೆಯಲ್ಲಿ ತೂಕವಾಗಿ ಮಾತಾಡಬೇಕಾದರೆ ಸ್ವಂತ ಅಳತೆ, ಸ್ವಂತ ಲೆಕ್ಕ ಕೈಯಲ್ಲಿರಬೇಕು.

ನಮ್ಮ ಪಾಲು

ಭಾರತಕ್ಕೆ ಈ ಕ್ಷೇತ್ರದಲ್ಲಿ ಪರಂಪರೆಯ ಕೊರತೆಯಿಲ್ಲ. ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ 1861ರಿಂದ 1885ರ ನಡುವೆ ಐದು ಕ್ಷುದ್ರಗ್ರಹಗಳನ್ನು ಕಂಡುಹಿಡಿದರು. ಆಮೇಲೆ ನೂರು ವರ್ಷ ಮೌನ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ ‘ಕಲ್ಕಿ’ ಎಂಬ ಯೋಜನೆಯಡಿ ಕಾವಲೂರಿನ 45 ಸೆಂಟಿಮೀಟರ್ ಸ್ಮಿಟ್ ದೂರದರ್ಶಕದಿಂದ 1988ರ ಫೆಬ್ರುವರಿ 17ರಂದು ಒಂದನ್ನು ಹಿಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿಟ್ಟರು. ಅವರದೇ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ಕಟ್ಟಿದ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಐಐಟಿ ಬಾಂಬೆ ಜೊತೆ ಸೇರಿ ಅಲ್ಲೇ ನಿಲ್ಲಿಸಿದ 70 ಸೆಂಟಿಮೀಟರ್‌ನ ಗ್ರೋತ್-ಇಂಡಿಯಾ ದೂರದರ್ಶಕ ಇಂಥ ತುರ್ತು ವೀಕ್ಷಣೆಗೇ ಹೇಳಿ ಮಾಡಿಸಿದಂತಿದೆ.

ನಮ್ಮ ಯುವಜನರ ಸಾಮರ್ಥ್ಯಕ್ಕೂ ಉದಾಹರಣೆಯಿದೆ. 2020ರ ಆಗಸ್ಟ್ 16ರಂದು ಕಾರಿನಷ್ಟು ದೊಡ್ಡದಾದ ‘2020 ಕ್ಯೂಜಿ’ ದಕ್ಷಿಣ ಹಿಂದೂ ಮಹಾಸಾಗರದ ಮೇಲೆ, ನೆಲದಿಂದ ಕೇವಲ 2,950 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ಬಡಿಯದೆ ಹೋದವುಗಳಲ್ಲಿ ಅಂದಿನವರೆಗೆ ದಾಖಲಾದ ಅತಿ ಸಮೀಪದ ಹಾಯುವಿಕೆ. ಕ್ಯಾಲಿಫೋರ್ನಿಯಾದ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಅದನ್ನು ಮೊದಲು ಗುರುತಿಸಿದವರು ಐಐಟಿ ಬಾಂಬೆಯ ವಿದ್ಯಾರ್ಥಿ ಕುನಾಲ್ ದೇಶಮುಖ್. ಆಗ ಅದು ಹಾದುಹೋಗಿ ಆರು ಗಂಟೆ ಕಳೆದಿತ್ತು. ಕಣ್ಣು ನಮ್ಮದು, ಉಪಕರಣ ಬೇರೆಯವರದು ಎಂಬುದು ಇಂದಿನ ನಮ್ಮ ಸ್ಥಿತಿಯ ನಿಖರ ಚಿತ್ರ.

ಜಗತ್ತು ಮುಂದೆ ಸಾಗುತ್ತಿದೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ಮೊದಲ ಚಿತ್ರಗಳಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹೊಸ ಕ್ಷುದ್ರಗ್ರಹಗಳಿದ್ದವು. ಸೂರ್ಯನ ಕಡೆಯ ಕುರುಡು ದಿಕ್ಕನ್ನೂ ಶಾಖದ ಕಿರಣಗಳಲ್ಲಿ ಹೆಚ್ಚು ಹತ್ತಿರದವರೆಗೆ ನೋಡಬಲ್ಲ ನಿಯೊ ಸರ್ವೇಯರ್ ಉಪಗ್ರಹವನ್ನು ನಾಸಾ ಸಜ್ಜುಗೊಳಿಸುತ್ತಿದೆ. ಆದರೂ 140 ಮೀಟರ್‌ಗಿಂತ ದೊಡ್ಡವೆಂದು ಅಂದಾಜಿಸಿದ ಸುಮಾರು 25,000 ಕಾಯಗಳಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಸಿಕ್ಕಿಲ್ಲ. ಹೊಸದಾಗಿ ಕಂಡ ಕಾಯವನ್ನು ಭೂಮಿ ತಿರುಗಿದಂತೆ ಒಂದು ದೇಶದಿಂದ ಮತ್ತೊಂದು ದೇಶ ಹಿಂಬಾಲಿಸುತ್ತ ಹೋಗಬೇಕು. ಚಿಲಿಯಲ್ಲಿ ಬೆಳಗಾದಾಗ ಆಕಾಶ ಕಾಯುವ ಸರದಿ ಪೂರ್ವದ್ದು, ಅದರಲ್ಲಿ ನಮ್ಮ ರೇಖಾಂಶದ್ದೂ.

ಇಸ್ರೊ 2024ರ ಜುಲೈನಲ್ಲಿ ಬೆಂಗಳೂರಿನಲ್ಲಿ ಗ್ರಹ ರಕ್ಷಣೆಯ ಬಗ್ಗೆ ಕಾರ್ಯಾಗಾರ ನಡೆಸಿತು. ಬಾಹ್ಯಾಕಾಶ ಕಸವನ್ನು ಗಮನಿಸುವ ‘ನೇತ್ರ’ ವ್ಯವಸ್ಥೆಯೂ ಇದೇ ನಗರದಲ್ಲಿದೆ. ಇವು ಒಳ್ಳೆಯ ಆರಂಭ, ಸಾಲದು. ಮಾಡಬೇಕಾದದ್ದು ಮೂರು. ಮೊದಲನೆಯದು, ಭೂಸಮೀಪದ ಕಾಯಗಳಿಗೇ ಮೀಸಲಾದ, ವಿಶಾಲ ನೋಟದ ಸಮೀಕ್ಷಾ ದೂರದರ್ಶಕ. ಅಟ್ಲಾಸ್‌ನ ದೂರದರ್ಶಕಗಳ ವ್ಯಾಸ ಅರ್ಧ ಮೀಟರ್ ಮಾತ್ರ; ನಮ್ಮ ಅಳವಿಗೆ ಮೀರಿದ್ದೇನಲ್ಲ. ಎರಡನೆಯದು, ಕಕ್ಷೆ ಮತ್ತು ಅನಿಶ್ಚಿತತೆಯನ್ನು ಸ್ವತಂತ್ರವಾಗಿ ಲೆಕ್ಕ ಹಾಕುವ ತಂಡ. ಮಹಾಲನೋಬಿಸ್ ಮತ್ತು ರಾವ್ ಅವರ ಸಂಸ್ಥೆ, ಖಭೌತ ಸಂಸ್ಥೆ, ಇಸ್ರೊ ಈ ಮೂರೂ ಕೂಡಿದರೆ ಅಂಥ ತಂಡ ಕಟ್ಟುವುದು ಕಷ್ಟವಲ್ಲ. ಮೂರನೆಯದು, ಪಟ್ಟಿಯೊಳಗೆ ಬಂದ ನಗರಕ್ಕೆ ಏನು ಹೇಳಬೇಕು, ಯಾವ ಭಾಷೆಯಲ್ಲಿ, ಯಾವ ಹಂತದಲ್ಲಿ ಎಂಬ ಸಿದ್ಧತೆ. 2025ರ ಫೆಬ್ರುವರಿಯಲ್ಲಿ ಶೇ. 3 ಎಂಬ ಅಂಕಿ ಬಂಗಾಳಿಯಲ್ಲೋ ಕನ್ನಡದಲ್ಲೋ ಸರಿಯಾದ ವಿವರಣೆಯೊಂದಿಗೆ ಸಾಮಾನ್ಯರನ್ನು ತಲುಪಬೇಕಿತ್ತು. ತಲುಪಿದ್ದು ಬಹುಪಾಲು ಶೀರ್ಷಿಕೆಗಳು.

2028ರ ಡಿಸೆಂಬರ್‌ನಲ್ಲಿ ವೈಆರ್4 ಸುಮಾರು 80 ಲಕ್ಷ ಕಿಲೋಮೀಟರ್ ದೂರದಲ್ಲಿ ಮರಳಿ ಹಾಯುತ್ತದೆ. ನಾಲ್ಕೇ ತಿಂಗಳ ನಂತರ ಅಪೋಫಿಸ್ ಬರುತ್ತದೆ. ಎರಡರಿಂದಲೂ ನಮಗೆ ಅಪಾಯವಿಲ್ಲ. ಆದ್ದರಿಂದಲೇ ಅವು ತಾಲೀಮಿಗೆ ಯೋಗ್ಯ: ಹಾನ್ಲೆಯಿಂದ ನೋಡಿ, ಹೊಸಕೋಟೆಯಲ್ಲಿ ಅಳೆದು, ಬರಾನಗರದಲ್ಲಿ ಲೆಕ್ಕ ಹಾಕಿ, ಡಮ್ ಡಮ್‌ನಂಥ ಊರಿಗೆ ಅದರ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳುವ ಸರಪಳಿಯನ್ನು ಒಮ್ಮೆ ಪೂರ್ತಿ ನಡೆಸಿ ನೋಡಲು ಸಿಗುವ ಅವಕಾಶ. ಮುಂದಿನ ಗೆರೆ ಯಾವ ದೇಶಗಳ ಮೇಲೆ ಬೀಳುತ್ತದೋ ಈಗಲೇ ಹೇಳಲಾಗದು. ಅದು ಬಂದ ದಿನ ಭಾರತ ಅಂಕಿಗಾಗಿ ಬೇರೆಯವರ ಮುಖ ನೋಡದೆ ತನ್ನ ಅಂಕಿಯನ್ನು ತಾನೇ ಜಗತ್ತಿನ ಮುಂದಿಡುವಂತಾಗಬೇಕು. ಅದಕ್ಕೆ ಬೇಕಾದ ದೂರದರ್ಶಕಕ್ಕೆ ಹಣ ಮತ್ತು ತಂಡಕ್ಕೆ ಜನ ಮುಂದಿನ ಎರಡು ವರ್ಷಗಳಲ್ಲೇ ಸಿಗಬೇಕು.